ಕೆಟ್ಟಿರದ ಗಡಿಯಾರ

ಫೆಬ್ರವರಿ 4, ಬುಧವಾರ

ಅಕ್ಕನನ್ನು ಆಸ್ಪತ್ರೆಯಿಂದ ನನ್ನ ಮನೆಗೆ ಕರೆತಂದೆ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವಳು ಮೊಣಕಾಲಿಗೆ ಹಣೆ ಆನಿಸಿ ಕೂತಿದ್ದಳು. ಚಾಲಕ ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ, "ವಾಂತಿ ಬರೋ ಹಾಗಿದ್ರೆ ಮೊದಲೇ ಹೇಳಿ ಮೇಡಂ, ಪಕ್ಕಕ್ಕೆ ಹಾಕ್ತೀನಿ" ಎಂದ. ಅಕ್ಕ ತಲೆ ಎತ್ತದೆಯೇ, "ವಾಂತಿ ಅಲ್ಲಪ್ಪಾ, ಕಣ್ಣು" ಎಂದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ವಿವರಿಸಲು ನನಗೂ ತ್ರಾಣವಿರಲಿಲ್ಲ.

ಅವಳ ಬಲಗಣ್ಣಿನ ಪರದೆಯ ನಟ್ಟನಡುವೆ ತೂತು ಬಿದ್ದಿತ್ತು. ನಿನ್ನೆ ಆಪರೇಷನ್ ಮಾಡಿ ಒಳಗೊಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಮುಖ ಕೆಳಗೆ ಹಾಕಿಕೊಂಡಿದ್ದರೆ ಮಾತ್ರ ಗುಳ್ಳೆ ತೇಲಿಬಂದು ತೂತನ್ನು ಒತ್ತಿ ಹಿಡಿಯುತ್ತದಂತೆ. ಹದಿನಾಲ್ಕು ದಿನ ಹೀಗೇ ಇರಬೇಕು. ಗಂಟೆಗೆ ಹತ್ತು ನಿಮಿಷ ತಲೆ ಎತ್ತಬಹುದು. ತಪ್ಪಿದರೆ ತೂತು ಮುಚ್ಚುವುದಿಲ್ಲ. ಎಡಗಣ್ಣು ಆರು ವರ್ಷದ ಹಿಂದೆಯೇ ಕೈಕೊಟ್ಟಿದೆ. ಬಾಗಿಲು ಯಾವುದು, ಕಿಟಕಿ ಯಾವುದು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಈ ಕಣ್ಣೂ ಹೋದರೆ ಅಕ್ಕನಿಗೆ ಓದು ಮುಗಿದ ಹಾಗೆ. ಮೂವತ್ತೆಂಟು ವರ್ಷ ಪ್ರಕಾಶನದಲ್ಲಿ ಕರಡು ತಿದ್ದಿದವಳು. ಓದುವುದು ಬಿಟ್ಟರೆ ಅವಳಿಗೆ ಬೇರೆ ಲೋಕವಿಲ್ಲ.

ನಡುಮನೆಯ ಮಂಚದ ಮೇಲೆ ಬೋರಲು ಮಲಗಿಸಿದ್ದೇನೆ. ಮುಖ ಮಂಚದ ಅಂಚಿನಿಂದ ಹೊರಗೆ, ನಡುವೆ ತೂತಿರುವ ದಿಂಬಿನ ಮೇಲೆ. ಅವಳ ಮುಖ ನೋಡಿ ಮಾತಾಡಬೇಕೆಂದರೆ ನಾನು ನೆಲದ ಮೇಲೆ ಮಲಗಬೇಕು. ಹಾಗಾಗಿ ಇವತ್ತು ಹೆಚ್ಚು ಮಾತಾಡಲಿಲ್ಲ. ನಾಲ್ಕು ಗಂಟೆಗೊಮ್ಮೆ ಎರಡು ಥರದ ಹನಿ. ಸೂಪು, ಟೀ ಎಲ್ಲ ಸ್ಟ್ರಾದಲ್ಲಿ.

ನಾವಿಬ್ಬರೂ ಒಂದೇ ಸೂರಿನ ಕೆಳಗೆ ಮಲಗಿ ಇಪ್ಪತ್ತು ವರ್ಷವಾಗಿದೆ. ಹದಿನೇಳಕ್ಕೆ ಅವಳು ಊರಿನ ಆ ತುದಿಯ ತನ್ನ ಎರಡು ಕೋಣೆಗೆ ವಾಪಸ್ಸು. ಹದಿನಾಲ್ಕರಲ್ಲಿ ಒಂದು ಮುಗಿಯಿತು.

ಫೆಬ್ರವರಿ 5, ಗುರುವಾರ

ಎದುರುಮನೆಯ ಟೈಲರಮ್ಮ ಹೊಲಿಗೆಯ ಗಂಟು ತಂದುಕೊಂಡು ಅಕ್ಕನ ಹತ್ತಿರ ಕೂತರು. ನಾನು ಪತ್ರಕರ್ತರ ಪ್ರದರ್ಶನಕ್ಕೆ ಹೋದೆ.

ಸಿನಿಮಾ ಎಂದರೆ, ಆ ಕಾದಂಬರಿಯದು. ನಮ್ಮ ಮನೆಯಲ್ಲಿ ಅದಕ್ಕೆ 'ದಪ್ಪ ಪುಸ್ತಕ' ಎಂದೇ ಹೆಸರು. ಅರವತ್ತು ವರ್ಷದಿಂದ ಹುಡುಗಿಯರು ದಿಂಬಿನಡಿ ಇಟ್ಟುಕೊಂಡು ಅತ್ತ ಪುಸ್ತಕ. ಅದರ ಹನ್ನೊಂದು ಮುದ್ರಣಗಳ ಕರಡು ತಿದ್ದಿದ್ದು ನಮ್ಮ ಅಕ್ಕನೇ. ಗಡಿಯಾರ ರಿಪೇರಿಯವನ ಮಗಳು, ಊರು ಅಳೆಯಲು ಬಂದ ಸರ್ವೆಯವನು. ಅವನ ಕೆಲಸ ಮುಗಿಯುತ್ತದೆ, ಅವಳಪ್ಪ ಹಾಸಿಗೆ ಹಿಡಿಯುತ್ತಾನೆ, ಅವಳು ಅವನ ಜೊತೆ ಹೋಗುವುದಿಲ್ಲ. ಒಂಬತ್ತು ವರ್ಷದ ಮೇಲೆ ಅವನು ನಿಂತುಹೋದ ಕೈಗಡಿಯಾರ ಹಿಡಿದು ಗಿರಾಕಿಯ ಹಾಗೆ ಅಂಗಡಿಗೆ ಬರುತ್ತಾನೆ. ಅವಳು ಮೊದಲು ಗಡಿಯಾರದ ಗುರುತು ಹಿಡಿಯುತ್ತಾಳೆ. ತಲೆ ಎತ್ತದೆ, "ನಾಳೆ ಬನ್ನಿ" ಎನ್ನುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅವನು ನಾಳೆ ಬಂದನೋ ಇಲ್ಲವೋ ಎಂದು ಅರವತ್ತು ವರ್ಷದಿಂದ ಜಗಳ ನಡೆದಿದೆ.

ಸಿನಿಮಾದವರು ಜಗಳ ಬಗೆಹರಿಸಿಬಿಟ್ಟಿದ್ದಾರೆ. ಅವನು ಬೆಳಿಗ್ಗೆ ಒಂಬತ್ತಕ್ಕೇ ಹಾಜರು. ಇವಳು ಇಳಿಜಾರಿನಲ್ಲಿ ಓಡಿ ಬರುತ್ತಾಳೆ, ಗಡಿಯಾರ ಗೋಪುರದ ಕೆಳಗೆ ನಲವತ್ತು ಜನ ಕುಣಿಯುತ್ತಾರೆ. ರಿಪೇರಿ ಅಂಗಡಿ ಹೋಗಿ ಗಾಜಿನ ಶೋರೂಂ ಬಂದಿದೆ. ಒಟ್ಟು ಎರಡು ತಾಸು ನಲವತ್ತು ನಿಮಿಷ ದಂಡ.

ನಮ್ಮ ಪುರವಣಿ ಸಂಪಾದಕರಿಗೆ ಕಚೇರಿಯಲ್ಲಿ 'ಹದಿನೈದು ನಿಮಿಷ' ಎಂಬ ಹೆಸರಿದೆ. ಯಾವ ಲೇಖನವಾದರೂ ಹದಿನೈದು ನಿಮಿಷದಲ್ಲಿ ಬೇಕು ಎನ್ನುವವರು. ಈ ಸಲ ಒಂದು ವಾರ ಕೊಟ್ಟಿದ್ದಾರೆ. "ದೊಡ್ಡದಾಗಿ ಬರೀರಿ ಮೇಡಂ, ಪುಸ್ತಕ, ಸಿನಿಮಾ ಎರಡೂ ಸೇರಿಸಿ. ನಿಮ್ಮ ಕತ್ತರಿ ಚೆನ್ನಾಗಿ ಆಡ್ಲಿ" ಎಂದರು. ಕತ್ತರಿ ಆಡಿಸಲೂ ಕೈಯಲ್ಲಿ ಕಸುವು ಬೇಕಲ್ಲ. ಎರಡು ಮುಗಿಯಿತು.

ಫೆಬ್ರವರಿ 7, ಶನಿವಾರ

ಔಷಧಿ ಅಂಗಡಿಯಿಂದ ಬಂದು ನೋಡಿದರೆ ಅಕ್ಕ ಅಂಗಾತ ಮಲಗಿ ಸೂರು ನೋಡುತ್ತಿದ್ದಾಳೆ!

"ಎಷ್ಟು ಹೊತ್ತಾಯ್ತು ಹೀಗೆ?"

"ಗೊತ್ತಿಲ್ಲ. ಬೆನ್ನಿನ ಮೇಲೆ ಮಲಗೋ ಸುಖ ನಿನಗೇನು ಗೊತ್ತು? ಕಣ್ಣು ಹೋದ್ರೆ ಹೋಗ್ಲಿ, ಸಾಕಾಗಿದೆ."

ನಾನು ಕೂಗಾಡಿದೆ. ಡಾಕ್ಟರು ಹೇಳಿದ್ದು, ನಾನು ರಜೆ ಹಾಕಿದ್ದು, ನನ್ನ ಬೆನ್ನು ನೋವು, ಎಲ್ಲ ಹೊರಗೆ ಬಂತು. ಅವಳು ಸುಮ್ಮನೆ ಕೇಳಿಸಿಕೊಂಡು, "ಆಯ್ತಾ ತಿದ್ದಿ? ನಿನಗೆ ಕೆಂಪು ಪೆನ್ಸಿಲ್ ಹಿಡಿಯೋದು ಕಲಿಸಿದ್ದೇ ನನ್ನ ತಪ್ಪು" ಎಂದಳು.

ಅವಳು ಏನು ನೆನೆಸಿಕೊಂಡಳೆಂದು ಗೊತ್ತು. ಕೆಲಸದಿಂದ ನಿವೃತ್ತಿಯಾದ ವರ್ಷ ಅಕ್ಕ ಪ್ರಕಾಶನದ ದಿನಗಳ ಬಗ್ಗೆ ಹನ್ನೆರಡು ಹಾಳೆ ಬರೆದು ನನ್ನ ಕೈಗಿಟ್ಟಿದ್ದಳು. ನಾನು ಒಂಬತ್ತು ಹಾಳೆ ಹೊಡೆದುಹಾಕಿ ವಾಪಸ್ಸು ಕೊಟ್ಟೆ. ಒಳ್ಳೆಯದಕ್ಕೇ ಮಾಡಿದ್ದು. ಅವಳು ಮತ್ತೆ ಬರೆಯಲಿಲ್ಲ, ನನ್ನ ಮನೆಗೂ ಅಪರೂಪವಾದಳು.

ಬೇರೆ ದಾರಿ ಕಾಣದೆ ನೆಲದ ಮೇಲೆ ಮಲಗಿದೆ. "ತಿರುಗು ಅಕ್ಕ. ದಪ್ಪ ಪುಸ್ತಕದ ಸಿನಿಮಾ ನೋಡ್ಕೊಂಡು ಬಂದಿದೀನಿ. ಮುಖ ಕೆಳಗೆ ಹಾಕಿದ್ರೆ ಹೇಳ್ತೀನಿ."

ಮಂಚ ಕಿರ್ರೆಂದಿತು. ದಿಂಬಿನ ತೂತಿನಲ್ಲಿ ಅವಳ ಮುಖ ಕಾಣಿಸಿಕೊಂಡಿತು, ಒಂದು ಕಣ್ಣಿಗೆ ಮುಚ್ಚಳ, ಮೂಗು ಕೆಂಪು.

"ಎಲ್ಲಿಂದ ಶುರು ಮಾಡಿದಾರೆ?" ಎಂದಳು.

ಫೆಬ್ರವರಿ 8, ಭಾನುವಾರ

ಹನಿ, ಸೂಪು, ಹನಿ. ಸಿನಿಮಾ ಅರ್ಧ ಗಂಟೆಯಷ್ಟು ಹೇಳಿದೆ. ಬೆನ್ನು ಹಿಡಿದುಕೊಂಡಿದೆ. ಐದು.

ಫೆಬ್ರವರಿ 9, ಸೋಮವಾರ

ಅಕ್ಕನಿಗೆ ಕಥೆ ಹೇಳುವುದೆಂದರೆ ಪೊಲೀಸ್ ವಿಚಾರಣೆಗೆ ಕೂತ ಹಾಗೆ. ಆ ಹುಡುಗಿಯ ಅಪ್ಪನ ಕೋಟಿನ ಬಣ್ಣ ಯಾವುದು? ಮೆಟ್ಟಿಲು ಎಷ್ಟಿದ್ದವು? ಆಮೇಲೆ ಕೇಳಿದಳು: "ಅಂಗಡಿ ಗಡಿಯಾರಗಳೆಲ್ಲ ಒಂದೇ ಟೈಮ್ ತೋರಿಸ್ತಿದ್ವಾ?"

ನಾನು ಗಮನಿಸಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಸಿನಿಮಾ ನೋಡಿ ಬರೆದವಳು.

"ನೂರ ಆರನೇ ಪುಟ" ಎಂದಳು. "ಯಾರ ಗಡಿಯಾರ ಯಾವ ಹೊತ್ತಿಗೆ ನಿಂತಿತ್ತೋ ಅಪ್ಪ ಅದನ್ನ ಹಾಗೇ ಬಿಟ್ಟಿರ್ತಾನೆ. ಅವರು ಬಂದ ಮೇಲೇನೇ ಟೈಮ್ ಇಡೋದು. ಅದಿಲ್ದೆ ಇದ್ರೆ ಅದು ಅಂಗಡಿನೇ ಅಲ್ಲ."

ಮೇಲೆ ಅವಳ ಮುಖ ನೋಡಿದೆ. ಬೆಳಿಗ್ಗೆಯಿಂದ ಒಮ್ಮೆಯೂ ಅಲುಗಿರಲಿಲ್ಲ. "ಇಲ್ಲ ಅಕ್ಕ, ಒಂದೊಂದು ಗಡಿಯಾರದಲ್ಲಿ ಒಂದೊಂದು ಟೈಮ್" ಎಂದುಬಿಟ್ಟೆ.

"ಹಾಗಾದ್ರೆ ಪರವಾಗಿಲ್ಲ, ಓದಿಕೊಂಡಿರೋ ಜನ" ಎಂದು ಸಮಾಧಾನಪಟ್ಟಳು.

ಆಮೇಲೆ ನನ್ನ ಬಾಯಲ್ಲಿ ಶೋರೂಮಿನ ಗಾಜು ಹೋಗಿ ಮರದ ಬಾಗಿಲು ಬಂತು. ಕುಣಿತ ಹೋಯಿತು. ಸರ್ವೆಯವನ ಬೂಟಿಗೆ ಕೆಸರು ಮೆತ್ತಿತು. ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

ಅಕ್ಕ ಕೇಳಿದಳು: "ಸಿನಿಮಾದಲ್ಲಿ ಒಂದ್ಸಲ ಕತ್ತರಿಸಿದ್ದನ್ನ ಮತ್ತೆ ತರ್ತಾರಾ?" ನನಗೆ ಗೊತ್ತಿಲ್ಲ ಎಂದೆ. "ನಮ್ಮಲ್ಲಿ ಆಗುತ್ತೆ. ಗೀಟು ಹೊಡೆದ ಸಾಲಿನ ಕೆಳಗೆ ಚುಕ್ಕೆ ಚುಕ್ಕೆ ಇಟ್ಕೊಂಡು ಹೋದ್ರೆ, ಹೊಡೆದಿದ್ದು ತಪ್ಪಾಯ್ತು, ಇದ್ದ ಹಾಗೇ ಇರ್ಲಿ ಅಂತ ಅರ್ಥ. ಹೊಡೆದಿದ್ದು ಲಕ್ಷ ಸಲ ಇರಬಹುದು ಕಣೇ. ಚುಕ್ಕೆ ಇಟ್ಟಿದ್ದು ಕೈಬೆರಳಲ್ಲಿ ಎಣಿಸಬಹುದು."

ಹನ್ನೆರಡು ಹಾಳೆಯ ಮಾತು ತೆಗೆಯುತ್ತಾಳೇನೋ ಎಂದುಕೊಂಡೆ. ತೆಗೆಯಲಿಲ್ಲ.

ಫೆಬ್ರವರಿ 11, ಬುಧವಾರ

ಇವತ್ತು ಲೇಖನ ಕೊಡುವ ದಿನ. ಅಕ್ಕನೂ ಕೊನೆ ಕೇಳುವ ಹಟ ಹಿಡಿದಳು.

ಮೊದಲು ನಾನೇ ಒಂದು ಪ್ರಶ್ನೆ ಕೇಳಿದೆ. ಇಷ್ಟು ವರ್ಷದಿಂದ ತಲೆಯಲ್ಲಿದ್ದದ್ದು. "ನಿನಗೂ ಯಾರಾದ್ರೂ ಸರ್ವೆಯವನು ಇದ್ನಾ ಅಕ್ಕ? ಅದಕ್ಕೇನಾ ಈ ಪುಸ್ತಕ ಅಂದ್ರೆ ಇಷ್ಟು?"

ಅವಳು ಎಷ್ಟು ನಕ್ಕಳೆಂದರೆ ತಲೆ ಅಲುಗೀತೆಂದು ನಾನು ಗದರಬೇಕಾಯಿತು. "ಯಾವ ಸರ್ವೆಯವನೂ ಇಲ್ಲ, ಮಣ್ಣೂ ಇಲ್ಲ. ಹನ್ನೊಂದು ಸಲ ಕರಡು ಓದಿದೆನಲ್ಲ, ಪ್ರತಿ ಸಲ ಕೊನೇ ಪುಟ ಬಂದಾಗ, ಈ ಸಲವಾದ್ರೂ ಅವಳು ತಲೆ ಎತ್ತಿ ಹೇಳ್ತಾಳೇನೋ ಅಂತ ಕಾಯ್ತಿದ್ದೆ. ಅಷ್ಟೇ ಕಣೇ. ಈಗ ಹೇಳು, ಇವರೇನು ಮಾಡಿದಾರೆ?"

ಇಳಿಜಾರಿನ ಓಟ, ನಲವತ್ತು ಜನರ ಕುಣಿತ ಬಾಯಿಗೆ ಬಂತು. ಹೇಳಲಾಗಲಿಲ್ಲ. ಬದಲಿಗೆ ಹೀಗೆ ಹೇಳಿದೆ:

ಅವನು ಹೋದ ಮೇಲೆ ಅವಳು ಗಡಿಯಾರ ಕೈಗೆತ್ತಿಕೊಳ್ಳುತ್ತಾಳೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ಬಿಚ್ಚುತ್ತಾಳೆ. ಒಂದೊಂದೇ ಚಕ್ರ ನೋಡುತ್ತಾಳೆ. ಎಲ್ಲ ಸರಿಯಾಗಿದೆ. ತುಕ್ಕಿಲ್ಲ, ಧೂಳಿಲ್ಲ, ಯಾವ ಹಲ್ಲೂ ಮುರಿದಿಲ್ಲ. ಗಡಿಯಾರ ಕೆಟ್ಟೇ ಇಲ್ಲ. ಅವನು ಕೀ ಕೊಡುವುದನ್ನು ಬಿಟ್ಟಿದ್ದ, ಅಷ್ಟೇ. ಒಂಬತ್ತು ವರ್ಷ ಒರೆಸಿ ಒರೆಸಿ ಇಟ್ಟು, ಕೀ ಕೊಡದೆ ಹಾಗೇ ತಂದಿದ್ದಾನೆ. ಅವಳು ಮುಚ್ಚಳ ಹಾಕುತ್ತಾಳೆ. ಕೀ ಕೊಡುವುದಿಲ್ಲ. ಮೇಜಿನ ಮೇಲೆ ಅವನು ಕೂರುವ ಕಡೆಗೆ ಮುಖ ಮಾಡಿ ಇಡುತ್ತಾಳೆ. ಬಾಗಿಲ ಚಿಲಕ ತೆಗೆದು ಬಂದು ಕೂರುತ್ತಾಳೆ.

ಅಕ್ಕನ ಮೂಗಿನ ತುದಿಯಿಂದ ಒಂದು ಹನಿ ನನ್ನ ಕೆನ್ನೆಗೆ ಬಿತ್ತು. ಔಷಧಿಯದೇ ಇರಬೇಕು.

"ಪುಸ್ತಕದಲ್ಲಿ ಇದಿಲ್ಲ" ಎಂದಳು. "ಇರಬೇಕಿತ್ತು."

'ಹದಿನೈದು ನಿಮಿಷ' ಮೂರು ಸಲ ಫೋನ್ ಮಾಡಿದರು. ಊಟದ ಮೇಜಿನ ಮೇಲೆ ಹನಿ ಹಾಕುವುದರ ನಡುನಡುವೆ ಬರೆದು ಕಳಿಸಿದೆ. ಏನು ಬರೆದೆನೋ ದೇವರಿಗೇ ಗೊತ್ತು. ಮೊದಲಿಂದ ಬೈದಿದ್ದೇನೆ, ಕೊನೆಯ ಪ್ಯಾರಾ ಮಾತ್ರ ಚೆನ್ನಾಗಿ ಬಂತು. ಕಣ್ಣು ಎಳೆಯುತ್ತಿದೆ.

ಫೆಬ್ರವರಿ 15, ಭಾನುವಾರ

ಟೈಲರಮ್ಮ ಪೇಪರ್ ಹಿಡಿದು ಬಂದು ಅಕ್ಕನಿಗೆ ನನ್ನ ಲೇಖನ ಗಟ್ಟಿಯಾಗಿ ಓದಿದರು. ನಾನು ಅಡುಗೆಮನೆಯಲ್ಲಿ ಟೀಗೆ ನೀರಿಡುತ್ತಿದ್ದೆ. "ಆದರೆ ಒಂದು ದೃಶ್ಯಕ್ಕಾಗಿ ಈ ಚಿತ್ರದ ಎಲ್ಲ ಅಪರಾಧಗಳನ್ನೂ ಕ್ಷಮಿಸಬಹುದು" ಎಂಬ ಸಾಲು ಕೇಳಿಸಿತು. ಯಾವ ದೃಶ್ಯವಪ್ಪಾ ಎಂದುಕೊಂಡೆ. ಭೂತಗನ್ನಡಿ ಬಂತು. ಹಿಂದಿನ ಮುಚ್ಚಳ ಬಂತು.

ನಾನು ಕಟ್ಟಿ ಹೇಳಿದ ದೃಶ್ಯವನ್ನು ನಾನೇ ಪೇಪರಿನಲ್ಲಿ ಹೊಗಳಿದ್ದೇನೆ. ಹದಿಮೂರು ಸಾಲು. ಇಪ್ಪತ್ತೆರಡು ವರ್ಷದಲ್ಲಿ ನೋಡದ ಒಂದು ಫ್ರೇಮನ್ನೂ ಬರೆದವಳಲ್ಲ ನಾನು.

ಟೈಲರಮ್ಮ ಕಣ್ಣೊರೆಸಿಕೊಂಡು, "ನಮ್ಮ ಯಜಮಾನರನ್ನ ಎಳ್ಕೊಂಡಾದ್ರೂ ಹೋಗ್ತೀನಿ" ಎಂದರು. ಅಕ್ಕ ದಿಂಬಿನೊಳಗಿಂದ, "ಕಣ್ಣು ಬಿಟ್ಟ ಮೇಲೆ ನಾನು ಮೊದಲು ನೋಡೋದು ಅದನ್ನೇ. ಅದಕ್ಕೇ ಹೀಗೆ ಬಿದ್ಕೊಂಡಿದೀನಿ" ಎಂದಳು.

ಟೀ ಉಕ್ಕಿ ಚೆಲ್ಲಿತು.

ಫೆಬ್ರವರಿ 16, ಸೋಮವಾರ

ಚಿತ್ರಮಂದಿರದಲ್ಲಿ ಗಲಾಟೆಯಂತೆ. ಒಳ್ಳೆಯ ದೃಶ್ಯ ಕತ್ತರಿಸಿದ್ದೀರಿ ಎಂದು ನನ್ನ ಲೇಖನ ಓದಿ ಹೋದ ಜನ ಮ್ಯಾನೇಜರನ್ನು ಹಿಡಿದುಕೊಂಡರಂತೆ. ನಿರ್ದೇಶಕ ನನಗೇ ಫೋನ್ ಮಾಡಿದ. ಬೈಸಿಕೊಳ್ಳಲು ತಯಾರಾಗಿ ಕಿವಿಗೆ ಹಿಡಿದೆ.

"ಮೇಡಂ, ಎರಡು ವರ್ಷ ಆ ಗಡಿಯಾರ ಕೈಯಲ್ಲಿ ಹಿಡ್ಕೊಂಡು ಓಡಾಡಿದೀನಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅದು ಕೆಟ್ಟಿಲ್ಲ ಅಂತ ನನಗೆ ಯಾಕೆ ಹೊಳೀಲಿಲ್ಲ?"

ಅವನ ಮೊದಲ ಮೂರು ಸಿನಿಮಾಗಳ ಬಗ್ಗೆಯೂ ನಾನು ಏನೆಲ್ಲ ಬರೆದಿದ್ದೆ ಎಂದು ನೆನಪಾಗಿ ನಾಚಿಕೆಯಾಯಿತು.

ಫೆಬ್ರವರಿ 17, ಮಂಗಳವಾರ

ಡಾಕ್ಟರು ಬೆಳಕು ಬಿಟ್ಟು ನೋಡಿದರು. "ತೂತು ಮುಚ್ಚಿರೋ ಹಾಗಿದೆಯಮ್ಮ. ಇನ್ನು ಕೂತ್ಕೋಬಹುದು. ದೃಷ್ಟಿ ಎಷ್ಟು ಬರುತ್ತೆ ಅಂತ ಮಾತ್ರ ಗುಳ್ಳೆ ಪೂರ್ತಿ ಕರಗೋವರೆಗೂ ಹೇಳಕ್ಕಾಗಲ್ಲ. ಓದಕ್ಕಾಗಬಹುದು, ಆಗದೇನೂ ಇರಬಹುದು."

ಅಕ್ಕ ನೆಟ್ಟಗೆ ಕೂತು ಊಟ ಮಾಡಿದಳು. ಊಟದ ನಡುವೆ, "ನಾಳೆ ನನ್ನ ಮನೆಗೆ ಬಿಡ್ತೀಯಾ?" ಎಂದು ಕೇಳಿದಳು. ಹನಿ ಹಾಕುವವರು ಯಾರು ಎಂದೆ.

ಫೆಬ್ರವರಿ 22, ಭಾನುವಾರ

'ಹದಿನೈದು ನಿಮಿಷ' ಬೇಡವೆಂದೇ ಹೇಳಿದ್ದರು. "ಎರಡು ದಿನ ಕಳೆದ್ರೆ ಜನ ಮರೀತಾರೆ ಮೇಡಂ. ನೀವೇ ಹೋಗಿ ಕಲ್ಲಿಗೆ ತಲೆ ಚಚ್ಕೋತೀರಲ್ಲ." ಆದರೂ ಇವತ್ತಿನ ಪುರವಣಿಯಲ್ಲಿ ತಿದ್ದುಪಡಿ ಬಂದಿದೆ. ಆ ದೃಶ್ಯ ಸಿನಿಮಾದಲ್ಲೂ ಇಲ್ಲ, ಕಾದಂಬರಿಯಲ್ಲೂ ಇಲ್ಲ; ಮನೆಯಲ್ಲಿ ಮಲಗಿದ್ದವರಿಗೆ ಕಥೆ ಹೇಳುವಾಗ ನಾನು ಸೇರಿಸಿದ್ದು; ಕ್ಷಮೆ ಇರಲಿ. ಆರು ಸಾಲು, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ.

ಕತ್ತರಿಸಿ ನನ್ನ ಲೇಖನಗಳ ಕಡತದಲ್ಲಿ ಅಂಟಿಸಿದೆ. ಪಕ್ಕದಲ್ಲೇ ಹದಿನೈದರ ವಿಮರ್ಶೆ. ಅಚ್ಚಾದ ತಪ್ಪನ್ನು ಕೆಂಪಿನಲ್ಲಿ ಹೊಡೆದಿಡುವುದು ನನ್ನ ಹಳೆಯ ರೂಢಿ, ಅಕ್ಕ ಕಲಿಸಿದ್ದು. ಹದಿಮೂರು ಸಾಲನ್ನೂ ಹೊಡೆದೆ.

ಟೈಲರಮ್ಮ ಸಿನಿಮಾ ನೋಡಿ ಬಂದಿದ್ದರು. "ನಾನು ಬಾತ್‌ರೂಮಿಗೆ ಹೋದಾಗ ಆ ಸೀನ್ ಹೋಯ್ತೇನೋ ಅಂತ ಇವರ ಹತ್ರ ಜಗಳ ಆಡಿದೆ" ಎಂದರು. ವಿಷಯ ಹೇಳಿ, ಅಕ್ಕನಿಗೆ ಹೇಳಬೇಡಿ ಎಂದು ಕೈ ಹಿಡಿದು ಕೇಳಿಕೊಂಡೆ. ಪೇಪರಿನಲ್ಲಿ ಊರಿಗೆಲ್ಲ ಹೇಳಿದ್ದನ್ನು ಮನೆಯಲ್ಲಿ ಒಬ್ಬಳಿಗೆ ಹೇಳಲು ನನ್ನಿಂದ ಆಗುತ್ತಿಲ್ಲ.

ಫೆಬ್ರವರಿ 26, ಗುರುವಾರ

ಬಡಗಿ ಬಂದು ನಡುಮನೆಯ ಗೋಡೆ ಅಳೆದುಕೊಂಡು ಹೋದ. ಐದು ಸಾಲಿನ ಪುಸ್ತಕದ ಕಪಾಟು. ಅಕ್ಕನ ಪುಸ್ತಕಗಳಿಗೆ ಎಂದೇನಲ್ಲ, ಗೋಡೆ ಬೋಳು ಬೋಳಾಗಿ ಕಾಣುತ್ತಿತ್ತು.

ಗುಳ್ಳೆ ಇಳಿಯುತ್ತಿದೆಯಂತೆ. "ಲೋಟದಲ್ಲಿ ನೀರಿನ ಗೆರೆ ಅಲ್ಲಾಡಿದ ಹಾಗೆ ಕಾಣುತ್ತೆ" ಎಂದಳು. ಗೆರೆಯ ಮೇಲೆ ಏನು ಕಾಣುತ್ತದೆ ಎಂದು ಕೇಳಲು ಬಾಯಿ ಬರಲಿಲ್ಲ.

ಮಾರ್ಚ್ 4, ಬುಧವಾರ

ಸಿನಿಮಾ ಚಿತ್ರಮಂದಿರಗಳಿಂದ ಹೋಯಿತು.

"ಹೋಯ್ತಾ?" ಎಂದಳು ಅಕ್ಕ.

"ಹೋಯ್ತು" ಎಂದೆ. ಇನ್ನು ಅವಳಿಗೆ ಗೊತ್ತಾಗುವುದಿಲ್ಲ, ಬದುಕಿಕೊಂಡೆ ಎನಿಸಿತು. ಆಮೇಲೆ ಇಡೀ ದಿನ ಏನು ತಿಂದರೂ ರುಚಿಯಿಲ್ಲ.

ಮಾರ್ಚ್ 8, ಭಾನುವಾರ

ಗುಳ್ಳೆ ಪೂರ್ತಿ ಕರಗಿದೆ. ಅಕ್ಕ ಕ್ಯಾಲೆಂಡರಿನ ಮುಂದೆ ನಿಂತಿದ್ದಳು, ಬಹಳ ಹೊತ್ತು. ಕಾಣುತ್ತಾ ಎಂದು ಕೇಳಿದೆ. "ನೋಡೋಣ" ಎಂದು ಒಳಗೆ ಹೋದಳು. ಇವತ್ತಿನ ಪೇಪರ್ ಮಡಿಸಿದ ಹಾಗೇ ಬಿದ್ದಿತ್ತು. ಅದನ್ನು ಎತ್ತಿಡುವಾಗ ಅಳು ಬಂತು. ಅತ್ತೆ. ಅವಳಿಗೆ ಓದಲಾಗದಿದ್ದರೆ ನಾನು ಓದಿ ಹೇಳುತ್ತೇನೆ, ಅದು ದೊಡ್ಡದಲ್ಲ. ಆದರೆ ನಾನು ಓದಿದ್ದು ಅವಳಿಗೆ ಓದಿದ ಹಾಗೆ ಆಗುವುದಿಲ್ಲ. ನಾನು ಎಷ್ಟಾದರೂ ಏನಾದರೊಂದು ಸೇರಿಸುವವಳೇ.

ಮಾರ್ಚ್ 12, ಗುರುವಾರ

ಬೆಳಿಗ್ಗೆ ಒಂದು ಪ್ರದರ್ಶನವಿತ್ತು. ಮಧ್ಯಾಹ್ನ ಮನೆಗೆ ಬಂದರೆ ಸದ್ದಿಲ್ಲ. ಅಕ್ಕ ಮಂಚದ ಮೇಲೆ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡು. ಊಟದ ಮೇಜಿನ ಮೇಲೆ ನನ್ನ ಕಡತ ಬಿಚ್ಚಿತ್ತು. ಪಕ್ಕದಲ್ಲಿ ಕೆಂಪು ಪೆನ್ಸಿಲ್.

ಫೆಬ್ರವರಿ ಹದಿನೈದರ ಪುಟ. ಪಕ್ಕದಲ್ಲಿ ತಿದ್ದುಪಡಿ. ಓದಿದ್ದಾಳೆ. ಕುರ್ಚಿ ಎಳೆದು ಕೂತೆ. ಅಷ್ಟು ಹೊತ್ತಿಗೆ ಕಾಣಿಸಿತು. ನಾನು ಹೊಡೆದುಹಾಕಿದ ಸಾಲುಗಳ ಕೆಳಗೆ ಸಣ್ಣ ಸಣ್ಣ ಚುಕ್ಕೆ. ಕೈ ನಡುಗಿದ ಚುಕ್ಕೆಗಳು, ಒಂದು ದಪ್ಪ, ಒಂದು ತೆಳು. ಆದರೆ ಯಾವುದೂ ಅಕ್ಷರದ ಮೇಲೆ ಬಿದ್ದಿಲ್ಲ, ಯಾವುದೂ ಕೆಳಗಿನ ಸಾಲಿಗೆ ತಾಗಿಲ್ಲ. ಪೇಪರಿನ ಆ ಸಣ್ಣ ಅಕ್ಷರದ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಸಾಲಿಗೆ ಸಾಲು ಹೋಗಿವೆ. ಬೆರಳಿಟ್ಟು ಎಣಿಸಿದೆ. ಹದಿಮೂರು. ಒಂದನ್ನೂ ಬಿಟ್ಟಿಲ್ಲ.

ಎಬ್ಬಿಸಲು ಮನಸ್ಸಾಗಲಿಲ್ಲ. ಎಷ್ಟು ದಿನದ ಮೇಲೆ ಬೆನ್ನಿನ ಮೇಲೆ ನೆಮ್ಮದಿಯಾಗಿ ಮಲಗಿದ್ದಾಳೆ. ಎದ್ದ ಮೇಲೆ ಟೀ ಮಾಡಿಕೊಟ್ಟು, ಆ ಹನ್ನೆರಡು ಹಾಳೆ ಎಲ್ಲಿಟ್ಟಿದ್ದಾಳೆಂದು ಕೇಳಬೇಕು. ಒಂಬತ್ತು ಹಾಳೆ ತುಂಬ ಚುಕ್ಕೆ ಇಡುವುದೆಂದರೆ ಹೊತ್ತು ಹಿಡಿಯುವ ಕೆಲಸವೇ. ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.